ಹಳೆಯ ಲಾರಿಗಳ ದುರಸ್ತಿ ಮತ್ತು ನಿರ್ವಹಣೆ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರು, ಕಡೂರು ಭಾಗಗಳಲ್ಲಿ ಇಪ್ಪತ್ತು ವರ್ಷ ದಾಟಿದ ಲಾರಿಗಳು ಇಂದಿಗೂ ಕಾಫಿ, ಜಲ್ಲಿ, ಗೊಬ್ಬರ, ಶುಂಠಿ, ಆಲೂಗಡ್ಡೆ, ನಾಟಾ ಹೊತ್ತು ದುಡಿಯುತ್ತಿವೆ. ಅವುಗಳ ಮಾಲೀಕರೂ ಚಾಲಕರೂ ಗ್ಯಾರೇಜಿನಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡುವ ಲಾರಿಗೂ ಘಾಟಿ ಹತ್ತಿಳಿಯುವ ಲಾರಿಗೂ ಬೇಕಾದ ಆರೈಕೆ ಒಂದೇ ಅಲ್ಲ. ಉತ್ತರಗಳನ್ನು ನಮ್ಮ ಮಳೆ ಮತ್ತು ನಮ್ಮ ಇಳಿಜಾರುಗಳನ್ನು ಗಮನದಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಪ್ರಶ್ನೆ: ಈ ಉತ್ತರಗಳು ಯಾವ ಲಾರಿಗಳಿಗೆ ಅನ್ವಯಿಸುತ್ತವೆ?

ಮುಖ್ಯವಾಗಿ ಇನ್‌ಲೈನ್ ಡೀಸೆಲ್ ಪಂಪು (ಪ್ರತಿ ಸಿಲಿಂಡರಿಗೂ ಸಾಲಾಗಿ ಒಂದೊಂದು ಭಾಗವಿರುವ ಪಂಪು) ಇರುವ, ಕಂಪ್ಯೂಟರ್ ಇಲ್ಲದ ಲಾರಿಗಳಿಗೆ. ಟಾಟಾ 1210, 1612, 1613, 2515 ಮತ್ತು ಅಶೋಕ್ ಲೇಲ್ಯಾಂಡಿನ ಕಾಮೆಟ್, ಟಾರಸ್ ಇಂಥವು. ಟಾಟಾದ ಹೆಸರಿನಲ್ಲಿಯೇ ಗಾಡಿಯ ಜಾತಕ ಅಡಗಿದೆ: 1612 ಎಂದರೆ ಸುಮಾರು 16 ಟನ್ ಒಟ್ಟು ತೂಕ, ಸುಮಾರು 120 ಅಶ್ವಶಕ್ತಿ. ಹಾಗೆಯೇ 697 ಎಂಜಿನ್ ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ). 1954ರಿಂದ ಮರ್ಸಿಡಿಸ್ ಬೆಂಜ್ ಜೊತೆಗಿದ್ದ ಸಹಯೋಗದ ಗುರುತು ಈ ಎಂಜಿನ್‌ಗಳ ವಿನ್ಯಾಸದಲ್ಲಿ ಉಳಿದಿದೆ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿಸುವ, ಹೆಚ್ಚು ಒತ್ತಡದ ಡೀಸೆಲ್ ವ್ಯವಸ್ಥೆ) ಬಂದ ನಂತರದ ಲಾರಿಗಳಿಗೆ ಬ್ರೇಕು, ಚಕ್ರದ ಹಬ್ಬು, ಸ್ಪ್ರಿಂಗ್ ಪಟ್ಟಿಗಳ ಬಗ್ಗೆ ಹೇಳಿದ್ದು ಹೊಂದುತ್ತದೆ. ಡೀಸೆಲ್ ಲೈನಿನ ಬಗ್ಗೆ ಹೇಳಿದ್ದು ಹೊಂದುವುದಿಲ್ಲ, ಅಲ್ಲಿ ಅದನ್ನು ಪ್ರಯೋಗಿಸಲೂಬಾರದು.

ಪ್ರಶ್ನೆ: ಹಳೆಯ ಲಾರಿಯೊಂದನ್ನು ಕೊಂಡಿದ್ದೇನೆ. ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು?

ಬ್ರೇಕಿಗೆ. ಎರಡನೆಯದು ಸ್ಟಿಯರಿಂಗ್ ಮತ್ತು ಮುಂದಿನ ಆಕ್ಸಲ್‌ಗೆ, ಮೂರನೆಯದು ಟಯರಿಗೆ. ಎಂಜಿನ್ ನಾಲ್ಕನೆಯದು. ಈ ಕ್ರಮವನ್ನು ಕೇಳಿ ಹಲವರು ಮುಖ ಸಿಂಡರಿಸುತ್ತಾರೆ, ಏಕೆಂದರೆ ಎಂಜಿನ್ ಕೆಲಸ ಮಾಡಿಸಿದರೆ ಮರುದಿನವೇ ಡೀಸೆಲ್ ಉಳಿತಾಯದಲ್ಲಿ ಫಲ ಕಾಣುತ್ತದೆ, ಬ್ರೇಕಿಗೆ ಹಾಕಿದ ಹಣ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಸೋತ ಎಂಜಿನ್ ಲಾರಿಯನ್ನು ದಾರಿಬದಿಯಲ್ಲಿ ನಿಲ್ಲಿಸುತ್ತದೆ, ಸೋತ ಬ್ರೇಕು ನಿಲ್ಲಲು ಬಿಡುವುದಿಲ್ಲ. ಮಾರನಹಳ್ಳಿಯಿಂದ ಕೆಳಗೆ ಗುಂಡ್ಯದ ಕಡೆಗೆ ಲೋಡ್ ಇಳಿಸುವವರು ಈ ಲೆಕ್ಕವನ್ನು ಕೊಳ್ಳುವ ದಿನವೇ ಹಾಕಿಕೊಳ್ಳಬೇಕು.

ಪ್ರಶ್ನೆ: ಶಿರಾಡಿ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ, ಕೆಳಗೆ ಹೋಗಿ ನಿಂತು ತಣ್ಣಗಾದ ಮೇಲೆ ಸರಿಯಾಗುತ್ತದೆ. ಏನಾಗಿರಬಹುದು?

ಡ್ರಮ್ಮು ಕಾದಿದೆ. ತಣ್ಣಗಾದ ಮೇಲೆ ಸರಿಯಾಯಿತಲ್ಲ ಎಂದು ಸುಮ್ಮನಾಗುವುದೇ ಇಲ್ಲಿನ ದೊಡ್ಡ ತಪ್ಪು. 16 ಟನ್ ತೂಗುವ ಲಾರಿ ಎತ್ತರದಲ್ಲಿ 700 ಮೀಟರಿನಷ್ಟು ಇಳಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 30 ಯೂನಿಟ್ ವಿದ್ಯುತ್ತಿಗೆ ಸಮ. ಅದು ಎಲ್ಲಾದರೂ ಹೋಗಲೇಬೇಕು. ಎಂಜಿನ್ ಅದನ್ನು ಹೀರಿಕೊಳ್ಳದಿದ್ದರೆ ಬಹುಪಾಲು ಬ್ರೇಕ್ ಡ್ರಮ್ಮಿನಲ್ಲಿ ಶಾಖವಾಗಿ ಸೇರುತ್ತದೆ.

ಕಾದ ಡ್ರಮ್ಮಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನಿಂಗಿನ ಮೇಲ್ಮೈ ಸುಟ್ಟು ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಜೊತೆಗೆ ಡ್ರಮ್ಮು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುವುದರಿಂದ, ಗಾಳಿಯ ಒತ್ತಡದಿಂದ ಬ್ರೇಕನ್ನು ತಳ್ಳುವ ಏರ್ ಚೇಂಬರಿನ ಪುಶ್‌ರಾಡ್ ಮೊದಲಿಗಿಂತ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಬೆಟ್ಟದ ಮೇಲೆ ಸ್ಲಾಕ್ ಅಡ್ಜಸ್ಟರ್ (ಲೈನಿಂಗಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ತೋಳು) ಸ್ವಲ್ಪ ಸಡಿಲವಿದ್ದರೂ ಪೆಡಲಿನಲ್ಲಿ ಅದು ತಿಳಿಯುವುದಿಲ್ಲ. ಡ್ರಮ್ಮು ಹಿಗ್ಗಿದ ಮೇಲೆ ಪುಶ್‌ರಾಡಿನ ಓಟ ಚೇಂಬರಿನೊಳಗೇ ಮುಗಿದುಹೋಗುತ್ತದೆ. ಗೇಜಿನಲ್ಲಿ ಏರ್ ಪೂರ್ತಿ ಇದ್ದರೂ ಚಕ್ರಕ್ಕೆ ಬಲ ತಲುಪುವುದಿಲ್ಲ. ಆದ್ದರಿಂದ ಘಾಟಿ ಇಳಿಯುವ ಲಾರಿಯ ಅಡ್ಜಸ್ಟ್‌ಮೆಂಟನ್ನು ಘಾಟಿಯ ಮೇಲಿರುವಾಗ, ತಣ್ಣಗಿರುವಾಗ ನೋಡಬೇಕು. ಕಾದಿರುವಾಗ ಬಿಗಿ ಮಾಡಿದರೆ ತಣ್ಣಗಾದ ಮೇಲೆ ಡ್ರಮ್ಮು ಕುಗ್ಗಿ ಚಕ್ರವೇ ಜಾಮ್ ಆದೀತು.

ಏರ್ ಜೊತೆಗೆ ಬ್ರೇಕ್ ಎಣ್ಣೆಯೂ ಇರುವ ಹಳೆಯ ಮಾದರಿಗಳಲ್ಲಿ ಮೂರನೆಯ ಕಾರಣವೊಂದಿದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದು ಆವಿಯಾದರೆ ಪೆಡಲು ಸ್ಪಂಜಿನಂತೆ ಒಳಗೆ ಹೋಗುತ್ತದೆ. ಮಲೆನಾಡಿನ ತೇವದಲ್ಲಿ ಓಡುವ ಇಂಥ ಗಾಡಿಯ ಬ್ರೇಕ್ ಎಣ್ಣೆಯನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಪೂರ್ತಿಯಾಗಿ ತೆಗೆದು ಹೊಸದು ಹಾಕುವುದು ಉತ್ತಮ.

ಚಾಲಕರ ಪಾಲಿನದೂ ಒಂದಿಷ್ಟಿದೆ. ಯಾವ ಗೇರಿನಲ್ಲಿ ಲೋಡು ಹತ್ತಿಸುತ್ತೀರೋ ಅದೇ ಗೇರಿನಲ್ಲಿ ಇಳಿಸಬೇಕೆಂಬ ಹಳಬರ ಮಾತು ಇಂದಿಗೂ ಸರಿ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡಿ ಬಿಟ್ಟರೆ ಎಂಜಿನ್ನಿನ ತಡೆ ಪೂರ್ತಿ ಹೋಗುತ್ತದೆ. ಎಂಜಿನ್ನನ್ನೇ ಬಂದ್ ಮಾಡಿದರೆ ಏರ್ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಕೈಬಿಡುತ್ತದೆ. ಹೀಗೆ ಉಳಿಸಿದ ಡೀಸೆಲ್ಲು ಒಂದು ಜೊತೆ ಲೈನಿಂಗಿನ ಬೆಲೆಗೂ ಸಾಲುವುದಿಲ್ಲ. ಎಕ್ಸಾಸ್ಟ್ ಬ್ರೇಕು (ಹೊಗೆಯ ದಾರಿ ಮುಚ್ಚಿ ಎಂಜಿನ್ನಿನ ತಡೆ ಹೆಚ್ಚಿಸುವ ಸಾಧನ) ಇರುವ ಲಾರಿಗಳಲ್ಲಿ ಅದರ ಬಟರ್‌ಫ್ಲೈ ವಾಲ್ವು ಮಸಿ ಕಟ್ಟಿ ಕೂತುಬಿಟ್ಟಿರುವುದು ಸಾಮಾನ್ಯ. ಸ್ವಿಚ್ ಒತ್ತಿದಾಗ ಸೈಲೆನ್ಸರಿನ ಶಬ್ದ ಬದಲಾಗದಿದ್ದರೆ ಅದನ್ನು ಬಿಚ್ಚಿಸಿ ತೊಳೆಸಬೇಕು.

ಪ್ರಶ್ನೆ: ಸ್ಲಾಕ್ ಅಡ್ಜಸ್ಟ್‌ಮೆಂಟನ್ನು ನಾವೇ ಮಾಡಬಹುದೇ?

ಮ್ಯಾನುಯಲ್ ಅಡ್ಜಸ್ಟರ್ ಆಗಿದ್ದರೆ ಮಾಡಬಹುದು, ಕಲಿಯಲೂ ಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಏರ್ ತುಂಬಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ನಂತರ ಎಂಜಿನ್ ನಿಲ್ಲಿಸಿ ಕೆಳಗೆ ಹೋಗಬೇಕು. ಅಡ್ಜಸ್ಟರಿನ ತಲೆಯನ್ನು ಲೈನಿಂಗು ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಬಳಿಕ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಹಿಂದಕ್ಕೆ ಬಿಡಬೇಕು. ತಿರುಗಿಸುವ ದಿಕ್ಕು ಸರಿಯೋ ತಪ್ಪೋ ಎಂದು ತಿಳಿಯಲು ಲೈನಿಂಗನ್ನು ಅಗಲಿಸುವ ಎಸ್-ಕ್ಯಾಮ್ ಶಾಫ್ಟನ್ನು ನೋಡಿ. ಬ್ರೇಕ್ ಒತ್ತಿದಾಗ ಅದು ತಿರುಗುವ ದಿಕ್ಕಿಗೇ ಈಗಲೂ ತಿರುಗುತ್ತಿದ್ದರೆ ನೀವು ಬಿಗಿ ಮಾಡುತ್ತಿದ್ದೀರಿ.

ಆಮೇಲೆ ಒಬ್ಬರು ಪೆಡಲು ಒತ್ತಿ ಹಿಡಿದಾಗ ಇನ್ನೊಬ್ಬರು ಪುಶ್‌ರಾಡಿಗೆ ಸೀಮೆಸುಣ್ಣದ ಗುರುತು ಹಾಕಿ ಅದು ಎಷ್ಟು ಹೊರಬರುತ್ತದೆಂದು ಅಳೆಯಬೇಕು. ಸಾಮಾನ್ಯ ಗಾತ್ರದ ಚೇಂಬರುಗಳಲ್ಲಿ 40 ಮಿ.ಮೀ. ಮೀರಿದರೆ ಮತ್ತೆ ನೋಡಬೇಕೆಂದೇ ಅರ್ಥ. ಒಂದೇ ಆಕ್ಸಲ್ಲಿನ ಎಡಕ್ಕೂ ಬಲಕ್ಕೂ ಅಳತೆ ಸರಿಸಮನಾಗಿರಬೇಕು, ಇಲ್ಲವಾದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಲಾರಿ ಒಂದು ಕಡೆಗೆ ಎಳೆಯುತ್ತದೆ.

ಹಬ್ಬಿನ ಆಯಿಲ್ ಸೀಲು ಸೋರಿ ಲೈನಿಂಗು ಗ್ರೀಸಿನಲ್ಲಿ ನೆನೆದಿದ್ದರೆ ಅದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿಯನ್ನು ಬಿಡಬೇಕು. ಗ್ರೀಸು ಒಳಗೆ ಇಳಿದಿರುತ್ತದೆ, ಕಾದಾಗ ಮತ್ತೆ ಮೇಲೆ ಬರುತ್ತದೆ. ಸೀಲು ಹೊಸದು, ಲೈನಿಂಗು ಎರಡೂ ಕಡೆ ಹೊಸದು, ಬೇರೆ ದಾರಿಯಿಲ್ಲ.

ಪ್ರಶ್ನೆ: ಏರ್ ಟ್ಯಾಂಕಿನ ನೀರನ್ನು ಪ್ರತಿದಿನ ಬಿಡಲೇಬೇಕೇ?

ಬಿಡಲೇಬೇಕು. ಕಂಪ್ರೆಸರು ಎಳೆದುಕೊಳ್ಳುವ ಗಾಳಿಯಲ್ಲಿರುವ ತೇವ ಟ್ಯಾಂಕಿನಲ್ಲಿ ನೀರಾಗಿ ಇಳಿಯುತ್ತದೆ. ಜುಲೈ ತಿಂಗಳ ಮೂಡಿಗೆರೆಯ ಗಾಳಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ನೀರು ಕೂತಷ್ಟು ಏರ್ ಹಿಡಿಯುವ ಜಾಗ ಕಡಿಮೆಯಾಗುತ್ತದೆ, ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ಬ್ರೇಕ್ ವಾಲ್ವಿನ ರಬ್ಬರನ್ನು ತಿನ್ನುತ್ತದೆ. ಸಂಜೆ ಗಾಡಿ ನಿಲ್ಲಿಸುವಾಗ ಡ್ರೈನ್ ತೆರೆಯುವುದನ್ನು ಕ್ಲೀನರಿನ ದಿನಚರಿಯಾಗಿಸಿ. ನೀರಿನ ಜೊತೆ ಕಪ್ಪು ಎಣ್ಣೆಯೂ ಹೆಚ್ಚಾಗಿ ಬರುತ್ತಿದ್ದರೆ ಕಂಪ್ರೆಸರಿನ ರಿಂಗು ಸವೆದಿದೆ ಎಂದು ತಿಳಿಯಬೇಕು.

ಏರ್ ಸೋರಿಕೆಯನ್ನು ಹುಡುಕಲು ಸೋಪಿನ ನೊರೆ ಸಾಕು. ಎಂಜಿನ್ ನಿಲ್ಲಿಸಿ, ಪೆಡಲನ್ನು ಒತ್ತಿ ಹಿಡಿದು, ಒಂದು ನಿಮಿಷ ಗೇಜಿನ ಮುಳ್ಳನ್ನು ನೋಡಿ. ಕಣ್ಣಿಗೆ ಕಾಣುವಂತೆ ಇಳಿಯುತ್ತಿದ್ದರೆ ಅಂದು ಘಾಟಿಗೆ ಹೋಗಬೇಡಿ.

ಪ್ರಶ್ನೆ: ನಾವು ಕೈ ಹಾಕಲೇಬಾರದ ಕೆಲಸಗಳು ಯಾವುವು?

ಮೂರು ಇವೆ, ಮೂರೂ ಜೀವಕ್ಕೆ ಸಂಬಂಧಿಸಿದವು. ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಚೇಂಬರಿನ ಹಿಂಬದಿಯ ಕ್ಲಾಂಪನ್ನು ಬಿಚ್ಚುವುದು ಮೊದಲನೆಯದು. ಅದರೊಳಗೆ ಅದುಮಿಟ್ಟ ಸ್ಪ್ರಿಂಗು ಹೊರಗೆ ಹಾರಿದರೆ ಎದುರಿಗಿರುವವರು ಉಳಿಯುವುದು ಕಷ್ಟ. ಕೇಜಿಂಗ್ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಿಹಾಕಿದ ಮೇಲೂ ಚೇಂಬರನ್ನು ಇಡಿಯಾಗಿ ಬದಲಿಸುವುದೇ ಸುರಕ್ಷಿತ.

ಎರಡನೆಯದು ಲಾಕ್ ರಿಂಗ್ ಇರುವ ಹತ್ತು-ಇಪ್ಪತ್ತರ (10.00-20 ಅಳತೆಯ) ಟಯರಿಗೆ ಗಾಳಿ ಹಾಕುವುದು. ರಿಂಗು ತನ್ನ ಗೀರಿನಲ್ಲಿ ಸರಿಯಾಗಿ ಕೂರದೆ 100 ಪೌಂಡ್ ಒತ್ತಡದಲ್ಲಿ ಹಾರಿದರೆ ಅದು ಕತ್ತಿಯಂತೆ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟಯರಿನ ಮೇಲೆ ಕೂತು ಗಾಳಿ ಹಾಕುವ ಹುಡುಗರನ್ನು ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಪೈಪಿನಿಂದ, ಪಕ್ಕಕ್ಕೆ ನಿಂತು ಗಾಳಿ ಹಾಕಬೇಕು. ಪಂಜರವಿಲ್ಲದ ಅಂಗಡಿಗೆ ನಿಮ್ಮ ಗಾಡಿಯನ್ನು ಕೊಂಡೊಯ್ಯಬೇಡಿ.

ಮೂರನೆಯದು ಬರೀ ಜಾಕಿನ ಮೇಲೆ ನಿಂತ ಲಾರಿಯ ಕೆಳಗೆ, ಅಥವಾ ಹೈಡ್ರಾಲಿಕ್ ಮೇಲೆ ಮಾತ್ರ ಎತ್ತಿ ನಿಂತ ಟಿಪ್ಪರ್ ಬಾಡಿಯ ಕೆಳಗೆ ನುಸುಳುವುದು. ಜಾಕ್ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಹೊರಲು ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿಗಳು ಬೇಕು. ಸೈಜುಗಲ್ಲು ಒಮ್ಮೆಲೇ ಸೀಳುವುದರಿಂದ ಅದನ್ನು ಆಧಾರವಾಗಿ ಇಡಬಾರದು.

ಪ್ರಶ್ನೆ: ಘಾಟಿ ಹತ್ತುವಾಗ ಎಂಜಿನ್ ಕಾಯುತ್ತದೆ. ಥರ್ಮೋಸ್ಟಾಟ್ ತೆಗೆದುಹಾಕಿದರೆ ಸರಿಹೋಗುತ್ತದೆಯೇ?

ಇದು ನಮ್ಮ ಕಡೆಯ ಹಳೆಯ ಮದ್ದು, ಆದರೆ ರೋಗಕ್ಕೆ ಸಂಬಂಧವಿಲ್ಲದ ಮದ್ದು. ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಗಿನ ಚಳಿಯಲ್ಲಿ ಬಹಳ ಹೊತ್ತು ತಣ್ಣಗೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆ ಬರುತ್ತದೆ, ಬೋರು ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಸದಾ ತೆರೆದೇ ಉಳಿದು, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲಿಯೇ ಸುತ್ತುತ್ತದೆ. ಆಗ ಲೋಡಿನಲ್ಲಿ ಇನ್ನಷ್ಟು ಕಾಯುತ್ತದೆ.

ಕಾಯುವುದಕ್ಕೆ ಕಾರಣವನ್ನು ಅಗ್ಗದ ಕಡೆಯಿಂದ ಹುಡುಕುತ್ತ ಬರಬೇಕು. ಫ್ಯಾನ್ ಬೆಲ್ಟಿನ ಬಿಗಿ, ರೇಡಿಯೇಟರಿನ ಹೊರಮೈಗೆ ಮೆತ್ತಿದ ಧೂಳು ಮತ್ತು ಹುಲ್ಲು, ರೇಡಿಯೇಟರಿನ ಮುಚ್ಚಳ, ನಂತರ ಹೋಸ್ ಪೈಪು, ಆಮೇಲೆ ಥರ್ಮೋಸ್ಟಾಟ್, ವಾಟರ್ ಪಂಪು, ಕೊನೆಗೆ ಹೆಡ್ ಗ್ಯಾಸ್ಕೆಟ್. ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಸನ, ಸಕಲೇಶಪುರಗಳು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿವೆ, ಆ ಎತ್ತರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಟ್ಟಾಗ ಆ ಮಿತಿ ಹತ್ತು ಡಿಗ್ರಿಗಿಂತ ಹೆಚ್ಚು ಮೇಲೇರುತ್ತದೆ. ರಬ್ಬರು ಹೋದ ಮುಚ್ಚಳಕ್ಕೆ ಬಟ್ಟೆ ಸುತ್ತಿ ಓಡಿಸುವವರು ಆ ಹತ್ತು ಡಿಗ್ರಿಯನ್ನು ಚೆಲ್ಲುತ್ತಿದ್ದಾರೆ. ಗ್ಯಾರೇಜೊಂದರಲ್ಲಿ ಎರಡು ಬಾರಿ ರೇಡಿಯೇಟರ್ ರಾಡ್ ಹೊಡೆಸಿಯೂ (ಕೊಳವೆಗಳೊಳಗೆ ಸರಳು ತೂರಿಸಿ ಸ್ವಚ್ಛ ಮಾಡಿಸಿಯೂ) ಕಾಯುವುದು ನಿಲ್ಲದ ಲಾರಿಯೊಂದು ನನ್ನ ಬಳಿಗೆ ಬಂದಿತ್ತು. ಹೊಸ ಮುಚ್ಚಳ ಹಾಕಿದ ಮೇಲೆ ಅದು ಮತ್ತೆ ಆ ದೂರಿನೊಂದಿಗೆ ಬರಲಿಲ್ಲ.

ಹಳ್ಳದ ನೀರು, ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಕೂಲೆಂಟ್ ಹಾಕುವುದು ಚಳಿಗಾಗಿ ಅಲ್ಲ, ತುಕ್ಕು ತಡೆಯುವುದಕ್ಕಾಗಿ. ಮುಚ್ಚಳ ತೆಗೆದು ಎಂಜಿನ್ ರೇಸ್ ಮಾಡಿದಾಗ ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಈ ಪರೀಕ್ಷೆಯನ್ನು ತಣ್ಣಗಿನ ಎಂಜಿನ್ನಿನಲ್ಲಿ ಆರಂಭಿಸಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಈ ಕಸುಬಿನಲ್ಲಿ ಕಡಿಮೆಯಿಲ್ಲ.

ಪ್ರಶ್ನೆ: ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುಲ್ಲಿನ ಮೇಲೆ ಓಡಿಸಿದರೆ ಏನಾದರೂ ತೊಂದರೆಯೇ?

ಇದೆ. ರಾಗಿ ಮತ್ತು ಹುರುಳಿಯ ಹುಲ್ಲು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಹಗ್ಗದಂತೆ ಸುತ್ತಿಕೊಂಡು, ಸೈಲೆನ್ಸರ್ ಪೈಪಿನ ಬಿಸಿಗೆ ಅಥವಾ ಉಜ್ಜುವಿಕೆಗೆ ಹೊತ್ತಿಕೊಳ್ಳುತ್ತದೆ. ಬೆಂಕಿ ಬೀಳದಿದ್ದರೂ ಅದು ಹಿಂದಿನ ಪಿನಿಯನ್ ಸೀಲಿನೊಳಗೆ ತುರುಕಿ ಎಣ್ಣೆ ಸೋರುವಂತೆ ಮಾಡುತ್ತದೆ. ಒಕ್ಕಣೆಯ ರಸ್ತೆ ದಾಟಿದ ಮೇಲೆ ನಿಲ್ಲಿಸಿ ಕೆಳಗೊಮ್ಮೆ ಬಗ್ಗಿ ನೋಡುವುದು, ಕುಡುಗೋಲಿನಿಂದ ಹುಲ್ಲನ್ನು ಕತ್ತರಿಸಿ ತೆಗೆಯುವುದು ಐದು ನಿಮಿಷದ ಕೆಲಸ.

ಪ್ರಶ್ನೆ: ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದೇ?

ಅರ್ಧ ಹೇಳಬಹುದು. ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಇಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ಡೀಸೆಲ್ ಸಿಂಪಡಿಸುವ ನಾಜಲ್ ತೊಟ್ಟಿಕ್ಕುತ್ತಿರಬಹುದು, ಟರ್ಬೊ ಇರುವ ಗಾಡಿಯಲ್ಲಿ ಹೋಸ್ ಸೀಳಿರಬಹುದು, ಅಥವಾ 'ಪಿಕಪ್ ಬರಲಿ' ಎಂದು ಯಾರೋ ಪಂಪಿನ ಸ್ಕ್ರೂ ತಿರುಗಿಸಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಳಿ ಹೊಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಕಾದ ಮೇಲೂ ಬರುತ್ತಿದ್ದರೆ ಟೈಮಿಂಗ್, ಕಂಪ್ರೆಷನ್ ಅಥವಾ ಒಳಗೆ ಸೇರುತ್ತಿರುವ ನೀರನ್ನು ಅನುಮಾನಿಸಬೇಕು.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಐಡ್ಲಿಂಗಿನಲ್ಲಿ ನಾಜಲ್ ಪೈಪುಗಳ ಯೂನಿಯನ್ನನ್ನು ಒಂದೊಂದಾಗಿ ಸಡಿಲಿಸುವುದು ರೂಢಿ. ಸಡಿಲಿಸಿದಾಗಲೂ ಎಂಜಿನ್ನಿನ ಶಬ್ದ ಬದಲಾಗದಿದ್ದರೆ ಆ ಸಿಲಿಂಡರೇ ಸೋಮಾರಿ. ಇದನ್ನು ಇನ್‌ಲೈನ್ ಪಂಪಿನ ಗಾಡಿಯಲ್ಲಿ ಮಾತ್ರ ಮಾಡಬೇಕು. ಕಾಮನ್ ರೈಲ್ ಪೈಪಿನಲ್ಲಿ ಒತ್ತಡ 1,000 ಬಾರ್‌ಗಿಂತಲೂ ಮೇಲಿರುತ್ತದೆ, ಅದರ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಪಂಪಿನ ಕ್ಯಾಲಿಬ್ರೇಷನ್ ಮಾತ್ರ ಟೆಸ್ಟ್ ಬೆಂಚ್ ಇರುವ ಕಡೆಯೇ ಆಗಬೇಕು. 1951ರಲ್ಲಿ ಆರಂಭವಾದ ಬೆಂಗಳೂರಿನ ಪಂಪು ತಯಾರಕ ಕಂಪನಿ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದಾದರೂ ನಮ್ಮ ಗ್ಯಾರೇಜುಗಳ ಬಾಯಲ್ಲಿ ಅದು ಇಂದಿಗೂ 'ಮೈಕೋ ಪಂಪೇ'. ಹೆಸರು ಯಾವುದಿದ್ದರೂ ಸೀಲನ್ನು ರಸ್ತೆಬದಿಯಲ್ಲಿ ಒಡೆಯಬೇಡಿ.

ಪ್ರಶ್ನೆ: ಡೀಸೆಲ್ ಖಾಲಿಯಾಗಿ ನಿಂತ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ಏರ್ ತೆಗೆಯುವುದು ಹೇಗೆ?

ಫೀಡ್ ಪಂಪಿನ ಮೇಲಿರುವ ಹ್ಯಾಂಡ್ ಪಂಪಿನ ತಲೆಯನ್ನು ತಿರುವಿ ಸಡಿಲಿಸಿ, ಡೀಸೆಲ್ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂವನ್ನು ಸ್ವಲ್ಪ ತೆರೆದು, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಒತ್ತುತ್ತಿರಬೇಕು. ಸ್ಕ್ರೂ ಮುಚ್ಚಿ, ನಂತರ ಪಂಪಿನ ಮೇಲಿನ ಸ್ಕ್ರೂವಿನಲ್ಲೂ ಹೀಗೆಯೇ ಮಾಡಬೇಕು. ಇಷ್ಟಕ್ಕೂ ಹಿಡಿಯದಿದ್ದರೆ ಎರಡು ನಾಜಲ್ ಯೂನಿಯನ್ ಸಡಿಲಿಸಿ ಸ್ಟಾರ್ಟರ್ ಹೊಡೆಯಬೇಕು, ಒಂದು ಸಲಕ್ಕೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ. ಡೀಸೆಲ್ ಇದ್ದೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಏರ್ ಹಿಡಿಯುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಸಣ್ಣ ಸೀಳಿದೆ. ಅಲ್ಲಿ ಡೀಸೆಲ್ ಹೊರಗೆ ಸೋರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಟ್ಯಾಪೆಟ್ ಸೆಟ್ಟಿಂಗನ್ನು (ವಾಲ್ವುಗಳ ಸಂದು ಹೊಂದಿಸುವುದನ್ನು) ಗುರುತು ಕಾಣದ ಹಳೆಯ ಎಂಜಿನ್ನಿನಲ್ಲಿ ಮಾಡುವುದು ಹೇಗೆ?

ಆರು ಸಿಲಿಂಡರಿನ ಈ ಎಂಜಿನ್‌ಗಳ ಫೈರಿಂಗ್ ಆರ್ಡರ್ ಸಾಮಾನ್ಯವಾಗಿ 1-5-3-6-2-4. ಇದರಲ್ಲಿ 1 ಮತ್ತು 6, 5 ಮತ್ತು 2, 3 ಮತ್ತು 4 ಜೋಡಿಗಳು. ಜೋಡಿಯ ಪಿಸ್ಟನ್‌ಗಳು ಒಟ್ಟಿಗೇ ಮೇಲೆ ಬರುತ್ತವೆ. ಆರನೆಯದರ ಎಕ್ಸಾಸ್ಟ್ ಮುಚ್ಚುತ್ತ ಇನ್‌ಲೆಟ್ ತೆರೆಯಲು ಶುರುವಾಗುವ ಕ್ಷಣದಲ್ಲಿ ಒಂದನೆಯದು ಕಂಪ್ರೆಷನ್ನಿನ ತುದಿಯಲ್ಲಿರುತ್ತದೆ, ಆಗ ಒಂದನೆಯದರ ಎರಡೂ ವಾಲ್ವುಗಳನ್ನು ಫೀಲರ್ ಗೇಜಿನಲ್ಲಿ ನೋಡಬಹುದು. ಹೀಗೆಯೇ ಆರ್ಡರಿನಲ್ಲಿ ಮುಂದುವರಿಯಬೇಕು. ಎಷ್ಟು ಸಂದು ಇಡಬೇಕೆಂಬುದನ್ನು ಆಯಾ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಪಕ್ಕದ ಗಾಡಿಯ ಅಳತೆ ನಿಮ್ಮದಕ್ಕೆ ಬೇಡ.

ಪ್ರಶ್ನೆ: ಎಂಜಿನ್ ಬಿಚ್ಚಿಸುವ ಕೆಲಸಕ್ಕೆ ಬಂದಿದೆ ಎಂದು ಯಾವಾಗ ತೀರ್ಮಾನಿಸಬೇಕು?

ಆಯಿಲ್ ಕಡಿಮೆಯಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಬಿಚ್ಚಿಸಬೇಡಿ, ಮೊದಲು ಸೋರಿಕೆ ನೋಡಿ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಬುಸುಬುಸು ಎಂದು ಬ್ಯಾಕ್ ಕಂಪ್ರೆಷನ್ ಹೊಡೆಯುವುದು, ಕಾದ ಎಂಜಿನ್ನಿನ ಐಡ್ಲಿಂಗಿನಲ್ಲಿ ಆಯಿಲ್ ಪ್ರೆಷರ್ ಬೀಳುವುದು, ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾಗುವುದು, ಈ ಮೂರೂ ಸೇರಿದಾಗ ಸಮಯ ಬಂದಿದೆ ಎನ್ನಬಹುದು. ಬರೀ ರಿಂಗು ಬದಲಿಸಿ ಸಾಗಹಾಕುವ ಕೆಲಸ ಸವೆದ ಬೋರಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲಿನಂತೆ ಕಂಡರೆ ನೀರು ಸೇರಿದೆ, ಆ ಕ್ಷಣದಿಂದ ಎಂಜಿನ್ ಓಡಿಸಬಾರದು. ಆಯಿಲ್ ಬದಲಿಸುವ ಅವಧಿಯ ಬಗ್ಗೆ ಕೈಪಿಡಿ ಏನೇ ಹೇಳಿದರೂ ಘಾಟಿ ಮತ್ತು ತೋಟದ ಕೆಲಸದಲ್ಲಿ 8,000 ಕಿ.ಮೀ. ದಾಟಿಸಬಾರದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ತೋಟದ ಲಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಕಾಫಿ ಕೊಯ್ಲಿಗೆ ತೆಗೆಯುವಾಗ ಪ್ರತಿ ವರ್ಷ ಏನಾದರೊಂದು ಕೆಟ್ಟಿರುತ್ತದೆ. ಏನು ಮಾಡಬೇಕು?

ಓಡುವ ಲಾರಿಗಿಂತ ನಿಂತ ಲಾರಿಯೇ ಬೇಗ ಹಾಳಾಗುತ್ತದೆ. ನಿಲ್ಲಿಸುವ ಮುನ್ನ ಮಾಡಬೇಕಾದ ಕೆಲಸ ತೆಗೆಯುವಾಗ ಮಾಡುವ ಕೆಲಸಕ್ಕಿಂತ ಹೆಚ್ಚು ಮುಖ್ಯ. ಡೀಸೆಲ್ ಟ್ಯಾಂಕನ್ನು ತುಂಬಿಸಿ ನಿಲ್ಲಿಸಿ. ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಗಡಿಗೆ ತಾಗಿ ನೀರಾಗಿ ತಳ ಸೇರುತ್ತದೆ, ಆ ನೀರು ಮತ್ತು ಡೀಸೆಲ್ಲಿನ ನಡುವಿನ ಪದರದಲ್ಲಿ ಲೋಳೆಯಂಥ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರನ್ನು ಕಟ್ಟುತ್ತವೆ. ಹಳೆಯ ಎಂಜಿನ್ ಆಯಿಲಿನಲ್ಲಿ ಉರಿಯ ಆಮ್ಲಾಂಶ ಸೇರಿರುತ್ತದೆ, ಅದನ್ನು ಹಾಗೆಯೇ ನಾಲ್ಕು ತಿಂಗಳು ಬೇರಿಂಗಿನ ಮೇಲೆ ಬಿಡುವ ಬದಲು ನಿಲ್ಲಿಸುವ ಮುನ್ನವೇ ಬದಲಿಸುವುದು ಜಾಣತನ.

ಪಾರ್ಕಿಂಗ್ ಬ್ರೇಕ್ ಎಳೆದು ನಿಲ್ಲಿಸಿದರೆ ಲೈನಿಂಗು ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಸಮತಟ್ಟು ನೆಲದಲ್ಲಿ ಗೇರಿನಲ್ಲಿಟ್ಟು, ಚಕ್ರಗಳಿಗೆ ಮರದ ದಪ್ಪ ಆಪು ಕೊಟ್ಟು, ಬ್ರೇಕನ್ನು ಬಿಟ್ಟು ನಿಲ್ಲಿಸಬೇಕು. ಆದರೆ ಸ್ಪ್ರಿಂಗ್ ಬ್ರೇಕಿರುವ ಗಾಡಿಯಲ್ಲಿ ಏರ್ ಇಳಿದ ಮೇಲೆ ಅದು ತಾನಾಗಿ ಹಿಡಿಯುತ್ತದೆ, ಹಾಗಾಗಿ ಅಂಥ ಗಾಡಿಯನ್ನು ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ, ಏರ್ ತುಂಬಿಸಿ, ನಾಲ್ಕು ಹೆಜ್ಜೆ ಹಿಂದೆ ಮುಂದೆ ಚಲಿಸಬೇಕು. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೇ ನಿಲ್ಲಿಸಿದರೆ ಲಾಭಕ್ಕಿಂತ ನಷ್ಟ; ಎಂಜಿನ್ ಪೂರ್ತಿ ಕಾಯುವವರೆಗೆ ಓಡಬೇಕು. ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿಡಿ. ಸೈಲೆನ್ಸರಿನ ಬಾಯಿಗೂ ಏರ್ ಕ್ಲೀನರಿನ ಬಾಯಿಗೂ ಚಿಂದಿ ತುರುಕಿ, ತುರುಕಿದ್ದನ್ನು ಸ್ಟಿಯರಿಂಗಿಗೆ ಚೀಟಿ ಕಟ್ಟಿ ನೆನಪಿಡಿ. ಚೀಟಿ ಏಕೆಂದರೆ ಅಕ್ಟೋಬರಿನಲ್ಲಿ ಲಾರಿ ತೆಗೆಯುವವರು ಜೂನಿನಲ್ಲಿ ನಿಲ್ಲಿಸಿದವರೇ ಆಗಿರಬೇಕೆಂದಿಲ್ಲ. ಇಲಿಗಳಿಗೆ ವೈರಿನ ಪ್ಲಾಸ್ಟಿಕ್ಕು ಬಹಳ ಇಷ್ಟ, ಕ್ಯಾಬಿನ್ನಿನಲ್ಲಿ ಭತ್ತದ ಕಾಳೂ ಗೋಣಿಚೀಲವೂ ಉಳಿಯದಂತೆ ನೋಡಿಕೊಳ್ಳಿ. ಮರದ ಬಾಡಿಯಾದರೆ ಹಲಗೆ ಮತ್ತು ಅಡ್ಡಪಟ್ಟಿ ಸೇರುವ ಕಡೆ ನೀರು ನಿಲ್ಲುತ್ತದೆಯೇ ನೋಡಿ, ಕೊಳೆಯುವುದು ಅಲ್ಲಿಂದಲೇ.

ತೆಗೆಯುವ ದಿನ ಮೊದಲು ಡೀಸೆಲ್ ಟ್ಯಾಂಕಿನ ಮತ್ತು ಫಿಲ್ಟರಿನ ತಳದ ನೀರು ಬಿಡಬೇಕು. ಡೀಸೆಲ್ ತಡೆಯುವ ಸ್ಟಾಪ್ ಹಿಡಿದುಕೊಂಡು ಸ್ಟಾರ್ಟರ್ ಹೊಡೆದು ಆಯಿಲ್ ಪ್ರೆಷರ್ ಏರಿದ ಮೇಲೆ ಎಂಜಿನ್ ಹಿಡಿಸಬೇಕು. ಲೋಡ್ ಹಾಕುವ ಮೊದಲು ಖಾಲಿ ಗಾಡಿಯಲ್ಲಿ ನಾಲ್ಕಾರು ಬಾರಿ ಬ್ರೇಕ್ ಒತ್ತಿ ಡ್ರಮ್ಮಿನ ತುಕ್ಕನ್ನು ಉಜ್ಜಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಏನು ನೋಡಬೇಕು?

ಹಿಂದಿನ ಹೌಸಿಂಗಿನ (ಹಿಂದಿನ ಆಕ್ಸಲ್ಲಿನ ಗೇರುಗಳಿರುವ ಪೆಟ್ಟಿಗೆಯ) ಎಣ್ಣೆಯನ್ನು. ಓಡಿ ಕಾದ ಹೌಸಿಂಗು ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲುಗಳ ಮೂಲಕ ನೀರನ್ನು ಒಳಗೆಳೆಯುತ್ತದೆ. ಮರುದಿನ ಬೆಳಿಗ್ಗೆ ಡ್ರೈನ್ ಪ್ಲಗ್ಗನ್ನು ಸ್ವಲ್ಪ ಸಡಿಲಿಸಿದರೆ ಕೆಳಗೆ ಕೂತ ನೀರು ಮೊದಲು ಬರುತ್ತದೆ. ಎಣ್ಣೆ ಮಜ್ಜಿಗೆಯಂತಾಗಿದ್ದರೆ ಪೂರ್ತಿ ಬದಲಿಸಬೇಕು, ಕ್ರೌನ್ ಪಿನಿಯನ್ ಸೆಟ್ಟಿನ ಬೆಲೆಗೆ ಹೋಲಿಸಿದರೆ ಎಣ್ಣೆ ಅಗ್ಗ. ಹಬ್ಬಿನ ತನಕ ನೀರು ಏರಿದ್ದರೆ ಹಬ್ ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸ್ ಹಾಕಿಸಬೇಕು. ಕಿಂಗ್ ಪಿನ್, ಶ್ಯಾಕಲ್ ಪಿನ್, ಜಾಯಿಂಟ್ ಕ್ರಾಸ್‌ಗಳಿಗೆ ಹಳೆಯ ಗ್ರೀಸು ಹೊರಬರುವವರೆಗೆ ಗನ್ ಒತ್ತಬೇಕು. ನಿಪ್ಪಲ್ ಕಟ್ಟಿದ್ದರೆ ಬದಲಿಸಿ, 'ಅದು ತಗೊಳ್ಳಲ್ಲ' ಎಂದು ಬಿಟ್ಟ ಪಿನ್ನೇ ಮೊದಲು ಸವೆಯುವುದು.

ಪ್ರಶ್ನೆ: ಕ್ಲಚ್ ಪ್ಲೇಟು ವರ್ಷಕ್ಕೆರಡು ಹೋಗುತ್ತಿದೆ.

ಪೆಡಲಿನಲ್ಲಿ ಫ್ರೀ ಪ್ಲೇ ಇದೆಯೇ ನೋಡಿ, ಚಾಲಕರು ಕಾಲನ್ನು ಪೆಡಲಿನ ಮೇಲೆಯೇ ಇಟ್ಟು ಓಡಿಸುತ್ತಾರೆಯೇ ನೋಡಿ. ಇವೆರಡೂ ಸರಿಯಿದ್ದರೆ ಫ್ಲೈವೀಲಿನ ಮೇಲ್ಮೈ ಮತ್ತು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು ನೋಡಿ.

ಪ್ರಶ್ನೆ: ಚಕ್ರದ ನಟ್ಟುಗಳು ಸಡಿಲವಾಗುತ್ತಲೇ ಇರುತ್ತವೆ. ಪಟ್ಟಿಯೂ ಆಗಾಗ ಮುರಿಯುತ್ತದೆ. ಎರಡಕ್ಕೂ ಸಂಬಂಧವಿದೆಯೇ?

ಎರಡರ ಮೂಲವೂ ಬಹುತೇಕ ಓವರ್‌ಲೋಡು ಮತ್ತು ಅರೆಬರೆ ಬಿಗಿತ. ಚಕ್ರ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿದೊಡನೆ ಮತ್ತೊಮ್ಮೆ ಬಿಗಿ ಮಾಡಲೇಬೇಕು. ಡಿಸ್ಕಿನ ಕೂರುವ ಜಾಗಕ್ಕೆ ದಪ್ಪ ಬಣ್ಣ ಬಳಿದಿದ್ದರೆ ಆ ಬಣ್ಣ ಸವೆದಷ್ಟು ನಟ್ಟು ಸಡಿಲವಾಗುತ್ತದೆ. ಕೆಲವು ಹಳೆಯ ಲಾರಿಗಳಲ್ಲಿ ಎಡಗಡೆಯ ಚಕ್ರಗಳಿಗೆ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್ಡು) ಇರುತ್ತದೆ, ಅದನ್ನು ತಿಳಿಯದೆ ಪೈಪು ಹಾಕಿ ಎಳೆದರೆ ಸ್ಟಡ್ಡೇ ತುಂಡಾಗುತ್ತದೆ.

ಪಟ್ಟಿಯ ವಿಷಯದಲ್ಲಿ ಯು ಬೋಲ್ಟ್ ಸಡಿಲವಾದರೆ ಮೊದಲು ಸೆಂಟರ್ ಬೋಲ್ಟ್ ಕತ್ತರಿಸುತ್ತದೆ, ಆಮೇಲೆ ಆಕ್ಸಲ್ಲೇ ಓರೆಯಾಗುತ್ತದೆ. ಒಂದು ಪಟ್ಟಿ ಮುರಿದರೆ ಅದೊಂದನ್ನೇ ಹೊಸದು ಹಾಕಿದಾಗ ಹೊಸ ಪಟ್ಟಿ ಹೆಚ್ಚು ಭಾರ ಹೊತ್ತು ಬೇಗ ಮುರಿಯಬಹುದು. ಎರಡು ಬದಿಯ ಎತ್ತರವನ್ನು ಅಳೆದು, ಅಗತ್ಯವಿದ್ದರೆ ಇಡೀ ಸೆಟ್ಟಿಗೆ ಕಮಾನು ಕೊಡಿಸುವುದು ಒಳ್ಳೆಯದು. ಹೆಚ್ಚುವರಿ ಪಟ್ಟಿ ಸೇರಿಸಿದರೆ ಆರ್‌ಸಿಯಲ್ಲಿ ಬರೆದ ತೂಕ ಹೆಚ್ಚುವುದಿಲ್ಲ, ಬ್ರೇಕಿನ ಶಕ್ತಿಯೂ ಹೆಚ್ಚುವುದಿಲ್ಲ.

ಪ್ರಶ್ನೆ: ಚಾಸಿಯಲ್ಲಿ ಸೀಳು ಕಂಡಿದೆ. ವೆಲ್ಡಿಂಗ್ ಮಾಡಿಸಬಹುದೇ?

ಸೀಳಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ಅದು ಮುಂದುವರಿಯದಂತೆ ನಿಲ್ಲಿಸಿ, ನಂತರ ಒಳಗಿನಿಂದ ಪ್ಲೇಟ್ ಕೊಟ್ಟು ಮಾಡುವ ಕೆಲಸವನ್ನು ಅನುಭವವಿದ್ದವರಿಂದಲೇ ಮಾಡಿಸಬೇಕು. ಮೇಲಿನ ಕೆಳಗಿನ ಅಂಚುಗಳಿಗೆ ಅಡ್ಡಲಾಗಿ ವೆಲ್ಡ್ ಹೊಡೆದರೆ ಅಲ್ಲಿಯೇ ಮುಂದಿನ ಸೀಳು ಹುಟ್ಟುತ್ತದೆ. ವೆಲ್ಡಿಂಗಿಗೆ ಮುನ್ನ ಬ್ಯಾಟರಿ ಮತ್ತು ಆಲ್ಟರ್ನೇಟರಿನ ಸಂಪರ್ಕ ಬಿಚ್ಚಬೇಕು. ಸ್ಟಿಯರಿಂಗ್ ರಾಡು, ಡ್ರಾಪ್ ಆರ್ಮ್, ಮುಂದಿನ ಆಕ್ಸಲ್ ಬೀಮುಗಳಿಗೆ ಯಾವ ಕಾರಣಕ್ಕೂ ವೆಲ್ಡಿಂಗ್ ಇಲ್ಲ.

ಪ್ರಶ್ನೆ: ಗುಜರಿಯ ಬಿಡಿಭಾಗ ಹಾಕಬಹುದೇ?

ಗೇರ್‌ಬಾಕ್ಸ್ ಹೌಸಿಂಗು, ಬ್ರಾಕೆಟ್ಟು, ಕ್ಯಾಬಿನ್ ಬಾಗಿಲು, ಡೀಸೆಲ್ ಟ್ಯಾಂಕು, ಪರೀಕ್ಷಿಸಿದ ಕ್ರ್ಯಾಂಕು ಇಂಥವನ್ನು ಹಾಕಬಹುದು. ಹಳೆಯ ಮಾದರಿಗಳಿಗೆ ಕೆಲವೊಮ್ಮೆ ಅದೊಂದೇ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿ ಹುಡುಕುವ ಮುನ್ನ ಹಳೆಯ ಭಾಗದ ಮೇಲಿನ ನಂಬರನ್ನು ಬರೆದುಕೊಂಡು, ಸಾಧ್ಯವಾದರೆ ಭಾಗವನ್ನೇ ಕೊಂಡೊಯ್ಯಿರಿ. ಆದರೆ ರಬ್ಬರು, ಬ್ರೇಕು, ಸ್ಟಿಯರಿಂಗ್ ಈ ಮೂರು ಜಾತಿಯ ಭಾಗಗಳನ್ನು ಹಳೆಯದು ಕೊಳ್ಳಬಾರದು. ಡಯಾಫ್ರಮ್ಮು, ಬ್ರೇಕ್ ಹೋಸು, ಟೈ ರಾಡ್ ಎಂಡುಗಳಲ್ಲಿ ಡುಪ್ಲಿಕೇಟ್ ಮಾಲನ್ನು ಹೊರನೋಟದಲ್ಲಿ ಗುರುತಿಸುವುದು ಕಷ್ಟ, ಬಿಲ್ ಕೊಡುವ ಅಂಗಡಿಯಲ್ಲಿಯೇ ಕೊಳ್ಳಿ.

ಪ್ರಶ್ನೆ: ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರದ ಪರೀಕ್ಷೆಗೆ) ಹೋಗುವ ಮುನ್ನ ಏನೇನು ಸಿದ್ಧಮಾಡಿಕೊಳ್ಳಬೇಕು?

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಫಿಟ್‌ನೆಸ್ ನವೀಕರಣ ಪ್ರತಿ ವರ್ಷವೂ ಬರುತ್ತದೆ. ಬಿಎಸ್-4 ಎಂಬ ಹೊಗೆ ನಿಯಮದ ಹಂತಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ), ಹೊಗೆ ತಪಾಸಣೆಯ ಪತ್ರವನ್ನು ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಏರ್ ಕ್ಲೀನರ್ ಮತ್ತು ನಾಜಲ್ ಸರಿಯಿದ್ದರೆ ಹಳೆಯ 697 ಕೂಡ ಈ ಮಿತಿಯೊಳಗೆ ನಿಲ್ಲುತ್ತದೆ. ದೀಪ, ಇಂಡಿಕೇಟರ್, ವೈಪರ್, ಪ್ರತಿಫಲಿಸುವ ಟೇಪು, ಟಯರಿನ ಗೀರು ಇವುಗಳನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಎಫ್‌ಸಿಯ ದಿನಕ್ಕೆಂದು ಬಾಡಿಗೆಗೆ ಟಯರು ತಂದು ಹಾಕುವವರಿದ್ದಾರೆ. ಪರೀಕ್ಷೆ ಪಾಸಾದ ಆ ಟಯರು ಮರುದಿನ ಚಾರ್ಮಾಡಿಯ ತಿರುವಿನಲ್ಲಿ ಅವರ ಗಾಡಿಯಲ್ಲಿ ಇರುವುದಿಲ್ಲ.

ಪ್ರಶ್ನೆ: ಲಾರಿಯನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು, ಯಾವಾಗ ಬಿಡಬೇಕು?

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಿಲೋಮೀಟರ್, ಹಾಕಿದ ಭಾಗ, ಖರ್ಚು, ಕೆಲಸಕ್ಕೆ ಹೋಗದೆ ನಿಂತ ದಿನಗಳನ್ನು ಬರೆಯುತ್ತ ಬನ್ನಿ. ಖರ್ಚಿನ ಕಾಲಮ್ಮು ಏರುವುದಕ್ಕಿಂತ ನಿಂತ ದಿನಗಳ ಕಾಲಮ್ಮು ಏರುವುದನ್ನು ಹೆಚ್ಚು ಗಮನಿಸಬೇಕು, ಏಕೆಂದರೆ ಕೊಯ್ಲಿನ ಮೂರು ತಿಂಗಳಲ್ಲಿ ನಿಂತ ಒಂದು ದಿನವೂ ಮಳೆಗಾಲದಲ್ಲಿ ನಿಂತ ಒಂದು ದಿನವೂ ಸಮವಲ್ಲ. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗು ಎಷ್ಟು ಸಲವಾದರೂ ಹೊಸದಾಗುತ್ತವೆ. ಚಾಸಿ ತುಕ್ಕು ಹಿಡಿದು ಪದರಪದರವಾಗಿ ಏಳುತ್ತಿದ್ದರೆ, ಅಥವಾ ಒಮ್ಮೆ ಪ್ಲೇಟ್ ಕೊಟ್ಟ ಜಾಗದ ಪಕ್ಕದಲ್ಲೇ ಮತ್ತೆ ಸೀಳು ಬಂದಿದ್ದರೆ, ಆ ಲಾರಿಗೆ ಇನ್ನು ಎಂಜಿನ್ ಕೆಲಸ ಮಾಡಿಸಬೇಡಿ. ಘಾಟಿಯ ಬಾಡಿಗೆಯಿಂದ ಅದನ್ನು ಮೊದಲು ಬಿಡಿಸಿ, ಆಮೇಲೆ ಮಾರುವ ವಿಚಾರ ಮಾಡಿ.